ವಿಕಿ ಬರವಣಿಗೆಯೂ ಆವೃತ್ತಿ ನಿಯಂತ್ರಣವೂ: ಟೀಕೆಯ ಸ್ಥಾನವನ್ನು ಕುರಿತು

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪರಿಚಿತವಾದ ತೊಡಕೊಂದುಂಟು. ದೊರೆತ ಟೀಕೆಯು ನಮ್ಮ ಮುಂದಿರುವ ಮೂಲಪಾಠಕ್ಕೇ ಬರೆದುದೋ ಅಥವಾ ಟೀಕಾಕಾರನ ಮುಂದಿದ್ದ ಬೇರೊಂದು ಪ್ರತಿಗೆ ಬರೆದುದೋ ಎಂಬುದನ್ನು ನಿರ್ಣಯಿಸದೆ ಆ ಟೀಕೆಯನ್ನು ಪಾಠನಿರ್ಣಯಕ್ಕೆ ಬಳಸುವಂತಿಲ್ಲ. ಕಳೆದ ಅರ್ಧ ಶತಮಾನದಲ್ಲಿ ಗಣಕದ ಪ್ರೋಗ್ರಾಮುಗಳನ್ನು ರಚಿಸುವವರೂ ಇದೇ ತೊಡಕನ್ನು ಎದುರಿಸಿದ್ದಾರೆ. ಅಲ್ಲಿ ಪ್ರೋಗ್ರಾಮು ಮೂಲ, ಅದರ ವಿವರಣೆಯ ಬರಹ ಟೀಕೆ. ಮುಂಬಯಿ, ದೆಹಲಿ, ಹೈದರಾಬಾದುಗಳಲ್ಲಿ ಚದುರಿರುವ ನಾವು ಒಂದೇ ಪಠ್ಯವನ್ನು ಗಣಕದ ಮೂಲಕ ಕೂಡಿ ಪರಿಷ್ಕರಿಸಬಹುದಾದ ಈ ಕಾಲದಲ್ಲಿ, ಅವರು ಕಂಡುಕೊಂಡ ದಾರಿಯ ಇತಿಹಾಸವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಆವೃತ್ತಿಗಳನ್ನು ಕ್ರಮವಾಗಿ ಕಾಯ್ದಿಡುವ ಮೊದಲ ಪ್ರಸಿದ್ಧ ವ್ಯವಸ್ಥೆಯನ್ನು ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ರೂಪಿಸಿದರು. ಎಸ್‌ಸಿಸಿಎಸ್ ಎಂಬ ಈ ವ್ಯವಸ್ಥೆಯಲ್ಲಿ ಎಲ್ಲ ಆವೃತ್ತಿಗಳ ಸಾಲುಗಳೂ ಒಂದೇ ಕಡತದಲ್ಲಿ ಹೆಣೆದುಕೊಂಡಿರುತ್ತವೆ. ಯಾವ ಸಾಲು ಯಾವ ಆವೃತ್ತಿಯಲ್ಲಿ ಸೇರಿತು, ಯಾವುದರಲ್ಲಿ ಬಿಟ್ಟುಹೋಯಿತು ಎಂಬ ಗುರುತು ಅಲ್ಲಿಯೇ ಇರುತ್ತದೆ. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ರಚಿಸಿದ ಆರ್‌ಸಿಎಸ್ ಬೇರೆ ಮಾರ್ಗವನ್ನು ಹಿಡಿಯಿತು. ಅದು ಇತ್ತೀಚಿನ ಪಾಠವನ್ನು ಇಡಿಯಾಗಿ ಉಳಿಸಿಕೊಂಡು, ಹಿಂದಿನವನ್ನು ಕೇವಲ ವ್ಯತ್ಯಾಸಗಳಾಗಿ ದಾಖಲಿಸುತ್ತದೆ. ಅಂಗೀಕೃತ ಪಾಠವನ್ನು ಮೇಲೆ ಅಚ್ಚಿಸಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ನಮ್ಮ ಪದ್ಧತಿಗೆ ಇದು ಎಷ್ಟು ಸಮೀಪವಾದುದೆಂದು ಬೇರೆ ಹೇಳಬೇಕಾಗಿಲ್ಲ.

ವಿಕಿಯ ಹುಟ್ಟು ಬೇರೆ ಕಡೆಯದು. 1995ರ ಮಾರ್ಚಿಯಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಯಾರು ಬೇಕಾದರೂ ತಿದ್ದಬಹುದಾದ ತಾಣವೊಂದನ್ನು ತೆರೆದರು. ಹೆಸರು ಹವಾಯಿ ಭಾಷೆಯದು. ಹೊನೊಲುಲು ವಿಮಾನನಿಲ್ದಾಣದ ಬಸ್ಸಿನಿಂದ ಬಂದದ್ದು. 'ಬೇಗ' ಎಂದು ಅರ್ಥ. ಅಲ್ಲಿಯ ಬರವಣಿಗೆಯ ಸಂಕೇತಗಳು ಅತ್ಯಲ್ಪ: ಖಾಲಿ ಸಾಲು ಬಿಟ್ಟರೆ ಹೊಸ ಪರಿಚ್ಛೇದ, ನಕ್ಷತ್ರಚಿಹ್ನೆ ಇಟ್ಟರೆ ಪಟ್ಟಿ. ಆದರೆ ಪುಟದ ಪೂರ್ಣ ಇತಿಹಾಸವನ್ನು ಕಾಯುವ ಹೊಣೆಯನ್ನು ಮೊದಮೊದಲ ವಿಕಿಗಳು ಹೊತ್ತಿರಲಿಲ್ಲ. 2001ರಲ್ಲಿ ಆರಂಭವಾದ ವಿಕಿಪೀಡಿಯದ ಮೊದಲ ತಂತ್ರಾಂಶವೂ ಹಳೆಯ ಪಾಠಗಳನ್ನು ಕೆಲಕಾಲದ ನಂತರ ಕೈಬಿಡುತ್ತಿತ್ತು. ಅದರ ಆರಂಭದ ತಿದ್ದುಪಡಿಗಳು ಕಳೆದುಹೋದವೆಂದೇ ಬಹುಕಾಲ ಭಾವಿಸಲಾಗಿತ್ತು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಅವರಿಗೆ ಹಳೆಯ ಕಡತಗಳ ನಡುವೆ ಅವುಗಳ ಪ್ರತಿ ದೊರೆಯಿತು. ಒಂಬತ್ತೇ ವರ್ಷಗಳಲ್ಲಿ ಹಸ್ತಪ್ರತಿಶೋಧನೆ ಬೇಕಾಯಿತೆಂಬುದು ಕುತೂಹಲಕರ.

ಈ ಎರಡು ಧಾರೆಗಳನ್ನು ಕೂಡಿಸಿದವರಲ್ಲಿ ಪ್ರಮುಖರು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶದ ಕರ್ತೃ ರಿಚರ್ಡ್ ಹಿಪ್. 2002ರಲ್ಲಿ ಅವರು ರಚಿಸಿದ ಸಿವಿಎಸ್‌ಟ್ರ್ಯಾಕ್, ಮತ್ತು ಅದರಿಂದ ಪ್ರೇರಿತವಾದ ಟ್ರ್ಯಾಕ್, ಪ್ರೋಗ್ರಾಮಿನ ಭಂಡಾರದ ಪಕ್ಕದಲ್ಲಿ ಒಂದು ವಿಕಿಯನ್ನು ಇರಿಸಿದವು. ಟ್ರ್ಯಾಕಿನಲ್ಲಿ ಚೌಕಾವರಣದೊಳಗೆ ಒಂದು ಸಂಖ್ಯೆಯನ್ನು ಬರೆದರೆ ಅದು ಆ ಸಂಖ್ಯೆಯ ತಿದ್ದುಪಡಿಗೆ ಒಯ್ಯುವ ಕೊಂಡಿಯಾಗುತ್ತದೆ. ತಿದ್ದುಪಡಿಯೊಡನೆ ಬರೆಯುವ ಟಿಪ್ಪಣಿಯಲ್ಲಿಯೂ ಇದೇ ಸಂಕೇತಗಳು ಸಲ್ಲುತ್ತವೆ. ಆದರೂ ವಿಕಿಯ ಪುಟಗಳು ಪ್ರತ್ಯೇಕ ದತ್ತಸಂಚಯದಲ್ಲಿದ್ದವು. ಟೀಕೆಯು ಮೂಲದ ನೆರೆಮನೆಗೆ ಬಂದಿತ್ತೇ ಹೊರತು ಮನೆಯೊಳಗೆ ಬಂದಿರಲಿಲ್ಲ.

ಮುಂದಿನ ಹೆಜ್ಜೆ 2007ರಲ್ಲಿ ಬಳಕೆಗೆ ಬಂದ ಫಾಸಿಲ್. ಇದೂ ಹಿಪ್ ಅವರದೇ. ಪ್ರೋಗ್ರಾಮು, ದೋಷಗಳ ವರದಿ, ವಿಕಿ ಇವೆಲ್ಲವೂ ಇಲ್ಲಿ ಒಂದೇ ಕಡತದಲ್ಲಿವೆ. ವಿಕಿಯ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವರ ಹೆಸರು, ಕಾಲ, ಹಿಂದಿನ ಪಾಠದ ಗುರುತು ಇವುಗಳೊಡನೆ ಶಾಶ್ವತ ದಾಖಲೆಯಾಗುತ್ತದೆ. ಇಷ್ಟಾದರೂ ಫಾಸಿಲ್ ಮತ್ತೊಂದು ವಿಧಾನಕ್ಕೂ ಎಡೆಗೊಟ್ಟಿತು: ವಿಕಿ ಸಂಕೇತಗಳಲ್ಲಿ ಬರೆದ ವಿವರಣೆಯನ್ನು ಸಾಮಾನ್ಯ ಕಡತವಾಗಿ ಪ್ರೋಗ್ರಾಮಿನ ನಡುವೆಯೇ ಇಡುವುದು. ಕಾರಣ ಸ್ಪಷ್ಟ. ವಿಕಿಯ ಪುಟಕ್ಕೆ ತನ್ನದೇ ಇತಿಹಾಸವಿದೆ, ಪ್ರೋಗ್ರಾಮಿಗೆ ತನ್ನದೇ. ಮೂಲದ ಹಳೆಯ ಆವೃತ್ತಿಯನ್ನು ತೆಗೆದರೆ ಅಂದಿನ ವಿಕಿಪುಟ ತಾನಾಗಿ ಜೊತೆಗೆ ಬರುವುದಿಲ್ಲ. ಒಳಗಿಟ್ಟ ಕಡತವಾದರೋ ಬರುತ್ತದೆ. ಗಿಟ್‌ಹಬ್ಬಿನಲ್ಲಿ 2010ರಿಂದ ವಿಕಿಯೂ ಒಂದು ಗಿಟ್ ಭಂಡಾರವೇ ಆಗಿದೆ, ಆದರೆ ಪ್ರೋಗ್ರಾಮಿನದಕ್ಕಿಂತ ಬೇರೆಯಾದ ಭಂಡಾರ. ಆದಕಾರಣ ಅಲ್ಲಿ ನೆರೆಮನೆಯ ಸ್ಥಿತಿಯೇ ಮುಂದುವರಿದಿದೆಯೆಂದು ನಮ್ಮ ಅಭಿಪ್ರಾಯ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳ ಕರ್ತೃಗಳು ನಮಗೆ ಗೊತ್ತು. ಒಂದೊಂದು ವಚನವನ್ನು ಸೇರಿಸಿದಾಗ, ಸ್ಥಳಾಂತರಿಸಿದಾಗ ಅವರು ಕಂಡ ಕಾರಣವನ್ನು ಹೇಳುವ ಟಿಪ್ಪಣಿ ಮಾತ್ರ ಇಲ್ಲ. ಇಂತಹ ಟಿಪ್ಪಣಿಯ ಬೆಲೆ ನಮ್ಮವರಿಗೆ ಚೆನ್ನಾಗಿ ತಿಳಿದಿದೆ.

ಇನ್ನೊಂದು ತೊಡಕು ಸಾಲಿಗೆ ಸಂಬಂಧಿಸಿದ್ದು. ಈ ವ್ಯವಸ್ಥೆಗಳೆಲ್ಲ ವ್ಯತ್ಯಾಸವನ್ನು ಸಾಮಾನ್ಯವಾಗಿ ಸಾಲುಸಾಲಾಗಿ ತೋರಿಸುತ್ತವೆ. ಇಡೀ ಪರಿಚ್ಛೇದವನ್ನು ಒಂದೇ ಸಾಲಾಗಿ ಬರೆದರೆ, ಒಂದು ಅಲ್ಪವಿರಾಮ ಬದಲಾದರೂ ಪರಿಚ್ಛೇದವೆಲ್ಲ ಬದಲಾದಂತೆ ಕಾಣುತ್ತದೆ. ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಆರಂಭಿಸಬೇಕೆಂದು ಬ್ರಿಯನ್ ಕರ್ನಿಹಾನ್ 1974ರಷ್ಟು ಹಿಂದೆಯೇ ಯುನಿಕ್ಸ್ ಕೈಪಿಡಿಯೊಂದರಲ್ಲಿ ಸೂಚಿಸಿದ್ದರು. ಖಾಲಿ ಸಾಲನ್ನು ಮಾತ್ರ ಪರಿಚ್ಛೇದದ ಗುರುತೆಂದು ಎಣಿಸುವ ಸಂಕೇತಪದ್ಧತಿಗಳಿಗೆ ಈ ಸೂಚನೆ ಚೆನ್ನಾಗಿ ಒಗ್ಗುತ್ತದೆ. ಬರೆಯುವವರು ಸಾಲು ಮುರಿದರೂ ಓದುವವರಿಗೆ ಪರಿಚ್ಛೇದ ಅಖಂಡವಾಗಿಯೇ ಕಾಣುತ್ತದೆ.

ಕನ್ನಡಕ್ಕೆ ಸಂಬಂಧಿಸಿದ ಎಚ್ಚರವೊಂದು ಉಳಿದಿದೆ. ಯೂನಿಕೋಡಿನಲ್ಲಿ 'ಕೋ' ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆವೃತ್ತಿ ನಿಯಂತ್ರಣವು ನೋಡುವುದು ಅಕ್ಷರದ ರೂಪವನ್ನಲ್ಲ, ಸಂಕೇತವನ್ನು. ಪುಣೆಯಲ್ಲೊಬ್ಬರು ಒಂದು ವಿಧವಾಗಿ, ಚೆನ್ನೈಯಲ್ಲೊಬ್ಬರು ಮತ್ತೊಂದು ವಿಧವಾಗಿ ಅಕ್ಷರ ಮೂಡಿಸಿದರೆ, ಇಲ್ಲದ ಪಾಠಾಂತರಗಳು ನೂರಾರು ಸಾಲುಗಳಲ್ಲಿ ಹುಟ್ಟಿಕೊಳ್ಳುತ್ತವೆ. ಪಠ್ಯವನ್ನು ಭಂಡಾರಕ್ಕೆ ಸೇರಿಸುವ ಮುನ್ನ ಅದನ್ನು ಒಂದೇ ರೂಪಕ್ಕೆ ತರುವ ಸಾಧನಗಳು ಇಂದು ಸುಲಭವಾಗಿ ದೊರೆಯುತ್ತವೆ.