ಗೋಡೌನ್ ನಿಮ್ಮದು, ಅದರೊಳಗಿನ ಸ್ಪೆಕ್ಟ್ರಂ ಯಾರದ್ದು?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ವಿಷಯ ಪ್ರೈವೇಟ್ 5ಜಿ. ಆದರೆ ಶುರು ಮಾಡೋದು ಕ್ರಿಕೆಟ್‌ನಿಂದ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಅದಕ್ಕೂ ಮೊದಲು ಒಂದು ಮೆಸೇಜ್. ನನ್ನ ಬಿ.ಕಾಂ. ಕ್ಲಾಸ್‌ಮೇಟ್ ಒಬ್ಬ ನೆಲಮಂಗಲದ ಹತ್ತಿರ ಒಂದು ದೊಡ್ಡ ಗೋಡೌನ್ ನೋಡ್ಕೊಳ್ತಾನೆ. ಅಲ್ಲಿ ಹುಡುಗರು ಕೈಯಲ್ಲಿ ಸ್ಕ್ಯಾನರ್ ಹಿಡ್ಕೊಂಡು ರ‍್ಯಾಕ್‌ಗಳ ಮಧ್ಯೆ ಓಡಾಡ್ತಿರ್ತಾರೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋದ ತಕ್ಷಣ ವೈಫೈ ಕಟ್. ಕೆಲಸ ನಿಂತುಹೋಗುತ್ತೆ, ಕೆಳಗೆ ಲಾರಿ ಕಾಯ್ತಾ ಇರುತ್ತೆ. ಅವನು ಕೇಳಿದ್ದು ಇಷ್ಟೇ: "ಗುರು, ನಮ್ಮದೇ ಪ್ರೈವೇಟ್ 5ಜಿ ಹಾಕಿಸ್ಕೋಬಹುದಾ? ಎಷ್ಟಾಗುತ್ತೆ?"

ಕಾಮರ್ಸ್ ಹುಡುಗ ನಾನು, ಕೊಟೇಶನ್ ತರಿಸಿದರೆ ಮುಗೀತು ಅಂದ್ಕೊಂಡೆ. ಹುಡುಕ್ತಾ ಹೋದರೆ 1885ಕ್ಕೆ ಹೋಗಿ ನಿಂತೆ.

ಆ ವರ್ಷದ ಇಂಡಿಯನ್ ಟೆಲಿಗ್ರಾಫ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ತಂತಿ ಜಾಲ ಕಟ್ಟುವ ಮತ್ತು ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಬೇರೆಯವರಿಗೆ ಬೇಕಿದ್ದರೆ ಲೈಸೆನ್ಸ್ ತಗೋಬೇಕು. 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದಮೇಲೆ ವೈರ್‌ಲೆಸ್ ಉಪಕರಣ ಮನೆಯಲ್ಲಿ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಾಯ್ತು. ಬ್ರಿಟಿಷರು ಹೋದರು, ಕಾಯ್ದೆ ಹೋಗಲಿಲ್ಲ.

ಈಗ ಕ್ರಿಕೆಟ್. 1993ರ ನವೆಂಬರ್ 27, ಈಡನ್ ಗಾರ್ಡನ್ಸ್, ಹೀರೋ ಕಪ್ ಫೈನಲ್. ನಮ್ಮ ಅನಿಲ್ ಕುಂಬ್ಳೆ 12 ರನ್ ಕೊಟ್ಟು 6 ವಿಕೆಟ್ ಕಿತ್ತರು. ವೆಸ್ಟ್ ಇಂಡೀಸ್ 123ಕ್ಕೆ ಆಲೌಟ್. (ಆ ದಾಖಲೆ ಮುರಿಯೋಕೆ 2014ರಲ್ಲಿ ಸ್ಟುವರ್ಟ್ ಬಿನ್ನಿ ಬರಬೇಕಾಯ್ತು. ಅವರೂ ನಮ್ಮವರೇ, ಬಿಡಿ.) ಅದೇ ಟೂರ್ನಿ ಮೈದಾನದ ಹೊರಗೆ ಇನ್ನೊಂದು ಮ್ಯಾಚ್ ಆಡ್ತಾ ಇತ್ತು. ಬಂಗಾಳ ಕ್ರಿಕೆಟ್ ಸಂಸ್ಥೆ ಟಿವಿ ಪ್ರಸಾರದ ಹಕ್ಕನ್ನು ವಿದೇಶಿ ಕಂಪನಿಯೊಂದಕ್ಕೆ ಮಾರಿತ್ತು. ದೂರದರ್ಶನ ಒಪ್ಪಲಿಲ್ಲ. ಟೂರ್ನಿ ನಡೆಸೋರು ನಾವು, ಹಕ್ಕು ನಮ್ಮದು ಅಂತ ಸಂಸ್ಥೆ. ಸಿಗ್ನಲ್ ಹೋಗೋಕೆ ನಮ್ಮ ಅನುಮತಿ ಬೇಕು ಅಂತ ಸರ್ಕಾರ. ಸರ್ಕಾರದ ಕೈಯಲ್ಲಿದ್ದದ್ದು ಅದೇ 1885ರ ಕಾಯ್ದೆ.

ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1995ರ ಫೆಬ್ರುವರಿ 9ರಂದು ತೀರ್ಪು ಬಂತು: ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ ಸ್ವಂತದ್ದೂ ಅಲ್ಲ, ಯಾವುದೋ ಖಾಸಗಿ ಕಂಪನಿಯದ್ದೂ ಅಲ್ಲ.

ನನ್ನ ಗೆಳೆಯನ ಗೋಡೌನ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸಾರ್ವಜನಿಕ ಆಸ್ತಿ ಅಂದಮೇಲೆ ಅದನ್ನು ಹಂಚೋದು ಹೇಗೆ ಅನ್ನೋ ಪ್ರಶ್ನೆ ಬರುತ್ತೆ. 2008ರಲ್ಲಿ "ಮೊದಲು ಬಂದವರಿಗೆ ಮೊದಲು" ಅಂತ ಹಂಚಿದ 122 ಲೈಸೆನ್ಸ್‌ಗಳನ್ನು 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. 2ಜಿ ಹಗರಣ, ನೆನಪಿದೆಯಲ್ಲ? ಎಲ್ಲ ಸಂಪನ್ಮೂಲಕ್ಕೂ ಹರಾಜೇ ಆಗಬೇಕೆಂದಿಲ್ಲ ಅಂತ ಅದೇ ವರ್ಷ ಕೋರ್ಟ್ ಸ್ಪಷ್ಟ ಮಾಡಿದರೂ, ಹರಾಜಿಲ್ಲದೆ ಸ್ಪೆಕ್ಟ್ರಂ ಕೊಡೋದು ಅಂದ್ರೆ ದೆಹಲಿಯಲ್ಲಿ ಎಲ್ಲರೂ ಹಿಂದೇಟು ಹಾಕೋ ಹಾಗಾಯ್ತು. ನನ್ನ ಪ್ರಕಾರ ಭಾರತದ ಪ್ರೈವೇಟ್ 5ಜಿ ಕಥೆ ತಿರುಗಿದ್ದೇ ಇಲ್ಲಿ. ಟೆಕ್ನಾಲಜಿ ಬಂದು ಬಾಗಿಲಲ್ಲಿ ನಿಂತಾಗ ಒಳಗಿನವರು ಇನ್ನೂ 2ಜಿ ಭಯದಲ್ಲಿದ್ದರು.

ಅಂದಹಾಗೆ, ಪ್ರೈವೇಟ್ ನೆಟ್‌ವರ್ಕ್ ಅಂದ್ರೆ ಏನು? ನಿಮ್ಮ ಕಾಂಪೌಂಡ್ ಒಳಗೆ ಸಣ್ಣ ಸಣ್ಣ ಆಂಟೆನಾ, ಯಂತ್ರಗಳಿಗೆ ನಿಮ್ಮದೇ ಸಿಮ್, ಯಾರನ್ನು ಒಳಗೆ ಬಿಡಬೇಕು ಅಂತ ತೀರ್ಮಾನ ಮಾಡೋ ಸರ್ವರ್ ನಿಮ್ಮದೇ ರೂಮಲ್ಲಿ. ಡೇಟಾ ಗೇಟ್ ದಾಟಬೇಕಾಗಿಲ್ಲ. ವೈಫೈ ಓಡೋದು ಲೈಸೆನ್ಸ್ ಇಲ್ಲದ ಬ್ಯಾಂಡ್‌ನಲ್ಲಿ, ಪಕ್ಕದವರೂ ಅದನ್ನೇ ಬಳಸ್ತಾರೆ. ಸಂತೆಯಲ್ಲಿ ನಿಂತು ಮಾತಾಡಿದ ಹಾಗೆ. ಪ್ರೈವೇಟ್ 5ಜಿಯಲ್ಲಿ ಆ ಬ್ಯಾಂಡ್ ನಿಮಗೆ ಮೀಸಲು. ಗಾಡಿ ಓಡುವಾಗ ಒಂದು ಆಂಟೆನಾದಿಂದ ಇನ್ನೊಂದಕ್ಕೆ ಸಿಗ್ನಲ್ ತುಂಡಾಗದೆ ದಾಟುತ್ತೆ.

ಇಲ್ಲಿ ಸ್ವಲ್ಪ ಜರ್ಮನಿಗೆ ಹೋಗಿ ಬರೋಣ, ಯಾಕಂದ್ರೆ ಒಂದೇ ಕಂಪನಿಯ ಎರಡು ಕಾರ್ಖಾನೆಗಳನ್ನು ಅಕ್ಕಪಕ್ಕ ಇಟ್ಟು ನೋಡೋ ಅವಕಾಶ ಸಿಗುತ್ತೆ. 2019ರಲ್ಲಿ ಜರ್ಮನಿ 5ಜಿ ಹರಾಜು ನಡೆಸಿತು. 497 ಸುತ್ತು, 6.55 ಬಿಲಿಯನ್ ಯೂರೋ! ಆದರೆ 3.7ರಿಂದ 3.8 ಗಿಗಾಹರ್ಟ್ಸ್‌ವರೆಗಿನ 100 ಮೆಗಾಹರ್ಟ್ಸ್ ಅನ್ನು ಹರಾಜಿಗೆ ಹಾಕಲೇ ಇಲ್ಲ. ಅದು ಕಾರ್ಖಾನೆ, ಬಂದರು, ಹೊಲಗಳಿಗೆ ಅಂತ ಎತ್ತಿಟ್ಟರು. ಟೆಲಿಕಾಂ ಕಂಪನಿಗಳು ಕೂಗಾಡಿದವು, ಸರ್ಕಾರ ಜಗ್ಗಲಿಲ್ಲ. ಆ ವರ್ಷದ ನವೆಂಬರ್‌ನಿಂದ ಅರ್ಜಿ ಹಾಕಿದವರಿಗೆ ಲೈಸೆನ್ಸ್.

ಶುಲ್ಕಕ್ಕೆ ಒಂದು ಸೂತ್ರ ಇದೆ, ನನಗೆ ತುಂಬ ಇಷ್ಟವಾಯ್ತು. 1,000 ಯೂರೋ ಮೂಲ ಶುಲ್ಕ. ಅದರ ಮೇಲೆ ಮೆಗಾಹರ್ಟ್ಸ್, ವರ್ಷ, 5, ಆಮೇಲೆ ಜಾಗದ ವಿಸ್ತೀರ್ಣ, ಇವನ್ನೆಲ್ಲ ಗುಣಿಸಬೇಕು. ಜನವಸತಿ ಇರೋ ಜಾಗವಾದರೆ ವಿಸ್ತೀರ್ಣಕ್ಕೆ 6 ಪಟ್ಟು. ಲೆಕ್ಕ ಹಾಕಿ: 100 ಮೆಗಾಹರ್ಟ್ಸ್, 10 ವರ್ಷ, ಒಂದು ಚದರ ಕಿಲೋಮೀಟರ್, ಅಂದ್ರೆ ಸುಮಾರು 247 ಎಕರೆ. ಒಟ್ಟು 31,000 ಯೂರೋ. ವರ್ಷಕ್ಕೆ ಹಂಚಿದರೆ ಸುಮಾರು 3 ಲಕ್ಷ ರೂಪಾಯಿ. ಬೆಂಗಳೂರಲ್ಲಿ ಒಂದು ಪುಟ್ಟ ಅಂಗಡಿಯ ಬಾಡಿಗೆ ಇದಕ್ಕಿಂತ ಜಾಸ್ತಿ ಇರುತ್ತೆ.

ಬಾಷ್ ಕಂಪನಿ ಈ ಲೈಸೆನ್ಸ್ ತಗೊಂಡು 2020ರ ನವೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ನ ಫೊಯರ್‌ಬಾಖ್ ಕಾರ್ಖಾನೆಯಲ್ಲಿ ನೋಕಿಯಾ ಜೊತೆ ಸೇರಿ ತನ್ನದೇ 5ಜಿ ಜಾಲ ಶುರು ಮಾಡಿತು. ಅಮೆರಿಕದಲ್ಲೂ ಅದೇ ವರ್ಷ ಟ್ರ್ಯಾಕ್ಟರ್ ಕಂಪನಿ ಜಾನ್ ಡೀರ್, ತನ್ನ ಕಾರ್ಖಾನೆಗಳಿರೋ ಕೌಂಟಿಗಳಿಗೆ ಹರಾಜಿನಲ್ಲಿ ತಾನೇ ಲೈಸೆನ್ಸ್ ಕೊಂಡುಕೊಂಡಿತು.

ಈಗ ಬೆಂಗಳೂರಿಗೆ ವಾಪಸ್. 2022ರ ಜುಲೈನಲ್ಲಿ ಏರ್‌ಟೆಲ್ ಒಂದು ಪ್ರಕಟಣೆ ಹೊರಡಿಸಿತು: ದೇಶದ ಮೊದಲ ಪ್ರೈವೇಟ್ 5ಜಿ ಜಾಲವನ್ನು ಬೆಂಗಳೂರಿನ ಬಾಷ್ ಆಟೊಮೋಟಿವ್ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಹಾಕಿದ್ದೇವೆ ಅಂತ. ಅದೇ ಬಾಷ್. ವ್ಯತ್ಯಾಸ ಏನಪ್ಪಾ ಅಂದ್ರೆ, ಫೊಯರ್‌ಬಾಖ್‌ನಲ್ಲಿ ಲೈಸೆನ್ಸ್ ಬಾಷ್ ಹೆಸರಲ್ಲಿತ್ತು. ಇಲ್ಲಿ ಸ್ಪೆಕ್ಟ್ರಂ, ದೂರಸಂಪರ್ಕ ಇಲಾಖೆ ಪ್ರಯೋಗಕ್ಕೆ ಅಂತ ಏರ್‌ಟೆಲ್‌ಗೆ ಕೊಟ್ಟಿದ್ದು. ಇಲ್ಲಿ ಬಾಷ್ ಗ್ರಾಹಕ, ಅಲ್ಲಿ ಒಡೆಯ.

ಆಗಷ್ಟೇ, 2022ರ ಜೂನ್ 27ರಂದು, ಇಲಾಖೆ ಪ್ರೈವೇಟ್ ಜಾಲಗಳಿಗೆ ಮಾರ್ಗಸೂಚಿ ಹೊರಡಿಸಿತ್ತು. ಅದರಲ್ಲಿ ನಾಲ್ಕು ದಾರಿ. ಟೆಲಿಕಾಂ ಕಂಪನಿ ತನ್ನ ಸಾರ್ವಜನಿಕ ಜಾಲದಲ್ಲೇ ನಿಮಗೊಂದು ತುಂಡು ಮೀಸಲಿಡಬಹುದು. ಇಲ್ಲವಾ, ನಿಮ್ಮ ಕಾಂಪೌಂಡ್ ಒಳಗೆ ಬೇರೆಯೇ ಜಾಲ ಕಟ್ಟಿಕೊಡಬಹುದು. ಮೂರನೆಯದು, ಸ್ಪೆಕ್ಟ್ರಂ ಅನ್ನು ಅವರಿಂದ ಗುತ್ತಿಗೆಗೆ ಪಡೆದು ಜಾಲ ನೀವೇ ನಡೆಸೋದು. ನಾಲ್ಕನೆಯದು ಜರ್ಮನಿ ದಾರಿ, ಸರ್ಕಾರದಿಂದಲೇ ನೇರವಾಗಿ ಪಡೆಯೋದು. ಲೈಸೆನ್ಸ್ 10 ವರ್ಷಕ್ಕೆ, ಅರ್ಜಿ ಶುಲ್ಕ 50,000 ರೂಪಾಯಿ, ಪ್ರವೇಶ ಶುಲ್ಕ ಇಲ್ಲ. ಕೇಳೋಕೆ ಎಷ್ಟು ಚೆನ್ನಾಗಿದೆ!

ನಾಲ್ಕನೇ ದಾರಿಗೆ ಟೆಲಿಕಾಂ ಕಂಪನಿಗಳ ಒಕ್ಕೂಟ ಗಟ್ಟಿಯಾಗಿ ಅಡ್ಡ ನಿಂತಿತು. ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ನೇರವಾಗಿ ಕೊಟ್ಟರೆ ನಾವು 5ಜಿಗೆ ದುಡ್ಡು ಹಾಕಿ ಏನು ಪ್ರಯೋಜನ ಅನ್ನೋದು ಅವರ ವಾದ. ಆ ವಾದದಲ್ಲಿ ಸತ್ಯ ಇಲ್ಲ ಅನ್ನೋಕಾಗಲ್ಲ. ಜುಲೈ ಕೊನೆಯಲ್ಲಿ ನಡೆದ ಹರಾಜಿನಲ್ಲಿ ಒಟ್ಟು ಬಿಡ್ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಅಷ್ಟು ಸುರಿದವನು, ಪಕ್ಕದವನಿಗೆ ಅದೇ ಸರಕು ಸಲೀಸಾಗಿ ಸಿಕ್ಕಿದರೆ ಸುಮ್ಮನಿರ್ತಾನಾ? ಹಾಗಂತ, ಅವರ ಹೂಡಿಕೆ ಕಾಯೋಕೆ ಗೋಡೌನ್ ನಡೆಸೋನು ಯಾಕೆ ದಂಡ ತೆರಬೇಕು? ನಾನು ಈ ಎರಡನೇ ಪ್ರಶ್ನೆಯ ಕಡೆಯವನು. ಆಗಸ್ಟ್‌ನಲ್ಲಿ ಇಲಾಖೆ ನೇರ ಹಂಚಿಕೆಗೆ ಎಷ್ಟು ಬೇಡಿಕೆ ಇದೆ ಅಂತ ಅಧ್ಯಯನ ಶುರು ಮಾಡಿತು. ಅದರಲ್ಲಿ ಭಾಗವಹಿಸೋಕೇ ಕಂಪನಿಯ ನಿವ್ವಳ ಮೌಲ್ಯ 100 ಕೋಟಿ ಮೀರಿರಬೇಕಿತ್ತು. ಸಣ್ಣವರು ಬಾಗಿಲಲ್ಲೇ ಔಟ್.

ದುಡ್ಡಿದ್ದವರ ಕಥೆಯನ್ನೂ ಕೇಳಿ. ಅದೇ ಹರಾಜಿನಲ್ಲಿ ಅದಾನಿ ಡೇಟಾ ನೆಟ್‌ವರ್ಕ್ಸ್ 26 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 400 ಮೆಗಾಹರ್ಟ್ಸ್ ಅನ್ನು 212 ಕೋಟಿಗೆ ಕೊಂಡಿತು. ವಿಮಾನ ನಿಲ್ದಾಣ, ಬಂದರು, ವಿದ್ಯುತ್ ಇಂಥ ಉದ್ಯಮಗಳ ಪ್ರೈವೇಟ್ ಜಾಲಕ್ಕೆ ಅಂತ ಹೇಳಿತ್ತು. 26 ಗಿಗಾಹರ್ಟ್ಸ್ ವೇಗದ ಬ್ಯಾಂಡ್, ಆದರೆ ಗೋಡೆ ಅಡ್ಡ ಬಂದರೆ ಸುಸ್ತು. 2025ರ ಏಪ್ರಿಲ್‌ನಲ್ಲಿ ಅಷ್ಟೂ 400 ಮೆಗಾಹರ್ಟ್ಸ್‌ನ ಬಳಕೆಯ ಹಕ್ಕನ್ನು ಏರ್‌ಟೆಲ್‌ಗೆ ಬಿಟ್ಟುಕೊಡುವ ಒಪ್ಪಂದವಾಯ್ತು. ಅದರಲ್ಲಿ ನಮ್ಮ ಕರ್ನಾಟಕದ 50 ಮೆಗಾಹರ್ಟ್ಸ್ ಕೂಡ ಇತ್ತು. ಸುತ್ತಿ ಬಳಸಿ ಮತ್ತೆ ಟೆಲಿಕಾಂ ಕಂಪನಿ ಕೈಗೇ.

ಹಾಗಾದ್ರೆ ಯಾರಿಗೂ ನೇರವಾಗಿ ಸಿಕ್ಕೇ ಇಲ್ವಾ? ಸಿಕ್ಕಿದೆ, ರೈಲ್ವೆಗೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ 700 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ 5 ಮೆಗಾಹರ್ಟ್ಸ್ ಅನ್ನು ರೈಲ್ವೆಗೆ ಕೊಡೋಕೆ ಒಪ್ಪಿತು. ಹರಾಜಿಲ್ಲ. ಅದೂ 5ಜಿಗಲ್ಲ, 4ಜಿ ಎಲ್‌ಟಿಇಗೆ. ರೈಲು ಸುರಕ್ಷತೆಗೆ ಅಷ್ಟು ಸಾಕು ಅಂತ.

ಗೆಳೆಯನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ನಾಲ್ಕನೇ ದಾರಿ ಮರೆತುಬಿಡು, ಮೊದಲ ಎರಡಕ್ಕೆ ಟೆಲಿಕಾಂ ಕಂಪನಿಯಿಂದ ಕೊಟೇಶನ್ ತಗೋ ಅಂದೆ. ತಗೊಳ್ಳುವಾಗ ಮೂರು ಪ್ರಶ್ನೆ ಕೇಳು: ಡೇಟಾ ನಮ್ಮ ಗೇಟ್ ಒಳಗೇ ಇರುತ್ತಾ, ರಾತ್ರಿ 2 ಗಂಟೆಗೆ ಕೆಟ್ಟರೆ ಯಾರು ಬರ್ತಾರೆ, ಒಪ್ಪಂದ ಮುಗಿದಮೇಲೆ ಆಂಟೆನಾ ಯಾರದ್ದು. ಕೊನೆಗೆ ಇನ್ನೊಂದು ಕೇಳಿದೆ: "ನಿನ್ನ ಸ್ಕ್ಯಾನರ್‌ಗೆ ಸಿಮ್ ಹಾಕೋ ಜಾಗ ಇದೆಯೇನೋ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದ, "ಇಲ್ಲ ಗುರು. ಎಲ್ಲ ವೈಫೈದೇ. ಮೊದ್ಲು ರ‍್ಯಾಕ್ ಮಧ್ಯೆ ಇನ್ನೆರಡು ರೌಟರ್ ಹಾಕಿ ನೋಡ್ತೀನಿ."

ಮುಂದಿನ ವಾರ ಸಿಗೋಣ.