ಗ್ಯಾಟ್ಸ್‌ಬಿ ಮಾನದಂಡಗಳು

ಇಂಗ್ಲೆಂಡಿನ ಪ್ರೌಢಶಾಲೆ, ಕಾಲೇಜುಗಳು ನೀಡುವ ವೃತ್ತಿ ಮಾರ್ಗದರ್ಶನದ ಗುಣಮಟ್ಟವನ್ನು ಅಳೆಯುವ ಎಂಟು ಮಾನದಂಡಗಳು. ಗ್ಯಾಟ್ಸ್‌ಬಿ ಪ್ರತಿಷ್ಠಾನಕ್ಕಾಗಿ ಸರ್ ಜಾನ್ ಹಾಲ್ಮನ್ ಸಿದ್ಧಪಡಿಸಿದ 2014ರ ವರದಿಯಲ್ಲಿ ಇವು ಪ್ರಕಟವಾದವು.

2011ರ ಶಿಕ್ಷಣ ಕಾಯ್ದೆಯು ಮಾರ್ಗದರ್ಶನದ ಹೊಣೆಯನ್ನು 2012ರ ಸೆಪ್ಟೆಂಬರಿನಿಂದ ಶಾಲೆಗಳ ಮೇಲೆ ಹೊರಿಸಿತು. ಅದಕ್ಕೆಂದು ಪ್ರತ್ಯೇಕ ಹಣ ಕೊಡಲಿಲ್ಲ. ಮರುವರ್ಷ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 60 ಶಾಲೆಗಳಿಗೆ ಭೇಟಿಯಿತ್ತಾಗ, ಎಲ್ಲ ಮಕ್ಕಳಿಗೂ ಸಾಕಷ್ಟು ಮಾರ್ಗದರ್ಶನ ಸಿಗುತ್ತಿದ್ದುದು 12ರಲ್ಲಿ ಮಾತ್ರ. ಹಾಲ್ಮನ್ ತಂಡ ಫಿನ್‌ಲೆಂಡ್, ಜರ್ಮನಿ, ನೆದರ್‌ಲೆಂಡ್ಸ್ ಮೊದಲಾದೆಡೆ ಸುತ್ತಿ ಮಾನದಂಡಗಳನ್ನು ರೂಪಿಸಿದ್ದು ಈ ಹಿನ್ನೆಲೆಯಲ್ಲಿ.

ಇವುಗಳ ಬಲವಿರುವುದು ಪರಿಶೀಲಿಸಿ ನೋಡಬಹುದಾದ ಸ್ಪಷ್ಟತೆಯಲ್ಲಿ. ಎಂಟನೆಯ ಮಾನದಂಡದಂತೆ ಪ್ರತಿ ವಿದ್ಯಾರ್ಥಿಗೂ 16 ವರ್ಷ ತುಂಬುವುದರೊಳಗೆ ಒಮ್ಮೆ, 18ರೊಳಗೆ ಇನ್ನೊಮ್ಮೆ ತರಬೇತಾದ ಸಲಹೆಗಾರರೊಂದಿಗೆ ಮುಖಾಮುಖಿ ಮಾತುಕತೆಯ ಅವಕಾಶ ಇರಬೇಕು. 11ನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆಯಾದರೂ ಉದ್ಯೋಗದಾತರ ಭೇಟಿಯಾಗಬೇಕೆನ್ನುವುದು ಐದನೆಯದು. 2014ರ ರೂಪದಲ್ಲಿ ಎಲ್ಲಕ್ಕಿಂತ ಖಡಕ್ಕಾಗಿದ್ದದ್ದು ಮೂರನೆಯದು: ಶಾಲೆ ಬಿಟ್ಟ ಮೇಲೂ ಕನಿಷ್ಠ ಮೂರು ವರ್ಷ ಪ್ರತಿ ವಿದ್ಯಾರ್ಥಿ ಎಲ್ಲಿ ಓದುತ್ತಿದ್ದಾನೆ, ಯಾವ ಕೆಲಸದಲ್ಲಿದ್ದಾನೆ ಎಂಬ ದಾಖಲೆ ಇಡಬೇಕಿತ್ತು. ಕೊಟ್ಟ ಸಲಹೆ ಮಗುವಿಗೆ ದಕ್ಕಿತೇ ಎಂದು ಕೇಳಲು ಆಧಾರ ಸಿಗುತ್ತಿದ್ದುದು ಇಲ್ಲಿಯೇ.

ಹಿತಾಸಕ್ತಿಯ ಘರ್ಷಣೆ ಈ ವ್ಯವಸ್ಥೆಯ ಕಠಿಣ ಸಮಸ್ಯೆ. ಸರ್ಕಾರದ ಅನುದಾನ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಬರುತ್ತದೆ. 16ರ ನಂತರ ಹುಡುಗಿಯೊಬ್ಬಳು ಅದೇ ಶಾಲೆಯಲ್ಲಿ ಮುಂದುವರಿದರೆ ಅನುದಾನ ಉಳಿಯುತ್ತದೆ. ತಾಂತ್ರಿಕ ಕಾಲೇಜಿಗೋ ಅಪ್ರೆಂಟಿಸ್‌ಶಿಪ್‌ಗೋ ಹೋದರೆ ಕೈತಪ್ಪುತ್ತದೆ. ಹೀಗಿರುವಾಗ ಶಾಲೆಯೊಂದರ ಮಾತನ್ನೇ ನಂಬಿ ಕೂರುವುದು ಮಕ್ಕಳಿಗೆ ನ್ಯಾಯವಲ್ಲ. ಇದನ್ನು ತಡೆಯಲೆಂದೇ ಮಾಜಿ ಶಿಕ್ಷಣ ಸಚಿವ ಲಾರ್ಡ್ ಬೇಕರ್ ಮಂಡಿಸಿದ ಕಾನೂನು ತಿದ್ದುಪಡಿ 2018ರ ಜನವರಿಯಲ್ಲಿ ಜಾರಿಗೆ ಬಂತು. ತಾಂತ್ರಿಕ ಶಿಕ್ಷಣ ಸಂಸ್ಥೆಗಳವರು ಶಾಲೆಯೊಳಗೆ ಬಂದು ಮಕ್ಕಳೊಂದಿಗೆ ಮಾತಾಡಲು ಅದು ದಾರಿ ಮಾಡಿತು. ಹಲವು ಶಾಲೆಗಳು ಇದನ್ನು ಪಾಲಿಸದ್ದರಿಂದ, ಇಂಥ ಆರು ಭೇಟಿಗಳನ್ನು 2023ರಿಂದ ಕಡ್ಡಾಯ ಮಾಡಲಾಯಿತು.

ಸಲಹೆಗಾರರು ತರಬೇತಾದವರೇ ಎಂದು ತಿಳಿಯಲು ಒಂದು ದಾರಿಯಿದೆ: ಅವರ ವೃತ್ತಿಸಂಸ್ಥೆಯಾದ ಕೆರಿಯರ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಅರ್ಹರ ನೋಂದಣಿ ಪಟ್ಟಿ ಇಡುತ್ತದೆ. ಪಟ್ಟಿಯಲ್ಲಿ ಉಳಿಯಲು ವರ್ಷಕ್ಕೆ 25 ಗಂಟೆಗಳ ಮುಂದುವರಿಕೆ ತರಬೇತಿ ಬೇಕು.

ಶಾಲೆಗಳು ತಮ್ಮ ಸಾಧನೆಯನ್ನು ಕಂಪಾಸ್ ಎಂಬ ಆನ್‌ಲೈನ್ ಪ್ರಶ್ನಾವಳಿಯಲ್ಲಿ ತಾವೇ ತುಂಬುತ್ತವೆ. ಭೇಟಿಗಳ ಲೆಕ್ಕ ಅದರಲ್ಲಿ ಸಿಗುತ್ತದೆ, ಅವುಗಳಲ್ಲಿ ನಡೆದ ಮಾತಿನ ಗುಣ ಸಿಗುವುದಿಲ್ಲ. ಹೊರಗಿನ ಪರಿಶೀಲಕರು ನೋಡುವ ಕ್ವಾಲಿಟಿ ಇನ್ ಕೆರಿಯರ್ಸ್ ಸ್ಟ್ಯಾಂಡರ್ಡ್ ಪ್ರಮಾಣಪತ್ರವನ್ನು ಸರ್ಕಾರ ಶಿಫಾರಸು ಮಾಡುತ್ತದೆ. ಅದನ್ನು ಪಡೆಯುವುದು ಮಾತ್ರ ಶಾಲೆಯ ಇಚ್ಛೆಗೆ ಬಿಟ್ಟದ್ದು.