ಎರಡು ಬಕೆಟ್ ನೀರು

ಊರಿಗೆ ಹೋದಾಗೆಲ್ಲ ಅಣ್ಣನ ಮಕ್ಕಳು ನನ್ನನ್ನು ನೋಡಿ ನಗುವುದಕ್ಕೆ ಒಂದು ಕಾರಣ ಇದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳಕ್ಕೆ ಗುಡ್ಡದ ಮೇಲಿಂದ ಅಬ್ಬಿ ನೀರು ಹಗಲೂ ರಾತ್ರಿ ಬಂದು ಬೀಳುತ್ತಿರುತ್ತದೆ. ಅಂಥಲ್ಲಿ ನಾನು ಎರಡು ಬಕೆಟ್ ತುಂಬಿಸಿಕೊಂಡು, ಎರಡು ಬಟ್ಟೆ ಹಿಡಿದು, ಮುಂಜಾನೆ ಬಿಸಿಲೇರುವ ಮೊದಲೇ ಕಾರು ಒರೆಸಲು ಕೂರುತ್ತೇನೆ. "ಚಿಕ್ಕಪ್ಪ, ನಿಮ್ಮ ಮುಂಬಯಿ ಬುದ್ಧಿ ಇಲ್ಲೂ ಬಿಡಲ್ವಲ್ಲ! ಪೈಪ್ ಹಿಡೀರಿ, ಐದು ನಿಮಿಷದ ಕೆಲಸ" ಅಂತಾರೆ. ನಾನು ಸುಮ್ಮನಿರುತ್ತೇನೆ. ಯಾಕೆಂದರೆ ಈ ಬುದ್ಧಿ ಮುಂಬಯಿಯದೂ ಅಲ್ಲ, ನನ್ನದೂ ಅಲ್ಲ. ಅದು ಬಿಜಾಪುರದ್ದು.

ನಾನು ಸಣ್ಣವನಿದ್ದಾಗ ನಮ್ಮ ಕಡೆ ಗಾಡಿ ತೊಳೆಯುವುದು ಅಂದರೆ ಜೀಪನ್ನು ಸೀದಾ ಹಳ್ಳಕ್ಕೆ ಇಳಿಸುವುದು. ಎಮ್ಮೆ ಮೈ ತೊಳೆದ ಜಾಗದಲ್ಲೇ ಜೀಪಿನ ಮೈಯನ್ನೂ ತೊಳೆಯುತ್ತಿದ್ದೆವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಹೊಯ್ಯುತ್ತದೆ. ನೀರನ್ನು ಅಳೆಯಬೇಕು ಎಂಬ ಯೋಚನೆ ಅಂಥ ಸೀಮೆಯವನಿಗೆ ಹೇಗೆ ಬರಬೇಕು? ಕಾರು ತೊಳೆಯುವುದಕ್ಕೂ ಒಂದು ಲೆಕ್ಕ ಇದೆ, ಒಂದು ಚರಿತ್ರೆ ಇದೆ ಎಂದು ನನಗೆ ಗೊತ್ತಾಗಿದ್ದು ಮುಂಬಯಿಗೆ ಬಂದು ಎಷ್ಟೋ ವರ್ಷದ ಮೇಲೆ.

ಆ ಚರಿತ್ರೆ ಶುರುವಾಗುವುದು ಕುದುರೆ ಲಾಯದಲ್ಲಿ. 1898ರಲ್ಲಿ ಮುಂಬಯಿಗೆ ಮೊದಲ ಕಾರುಗಳು ಬಂದವು, ಅವುಗಳಲ್ಲೊಂದು ಜಮ್‌ಷೆಡ್‌ಜಿ ಟಾಟಾ ಅವರದು ಅನ್ನುತ್ತಾರೆ. ಕಾರು ನಿಂತದ್ದು ಸಾರೋಟು ನಿಲ್ಲುತ್ತಿದ್ದ ಜಾಗದಲ್ಲೇ. ಅದನ್ನು ತೊಳೆದವರು ಸಾರೋಟು ತೊಳೆಯುತ್ತಿದ್ದ ಆಳುಗಳೇ. ಸ್ಪಂಜು, ಮೆತ್ತನೆಯ ಚರ್ಮದ ತುಂಡು, ಹಿತ್ತಾಳೆ ದೀಪ ಉಜ್ಜುವ ಪಾಲಿಶ್ ಎಲ್ಲ ಸಾರೋಟಿನ ಕಾಲದ ಸಾಮಾನುಗಳೇ. ಮೇಲೆ ಬಳಿದಿದ್ದ ಬಣ್ಣವೂ ಸಾರೋಟಿನದೇ: ಬ್ರಷ್ಷಿನಲ್ಲಿ ಪದರದ ಮೇಲೆ ಪದರ ಬಳಿದ ವಾರ್ನಿಶ್, ಪೂರ್ತಿ ಒಣಗಿ ಮುಗಿಯಲು ವಾರಗಟ್ಟಲೆ ಬೇಕಿತ್ತು. ಗಾಡಿ ತೊಳೆಯಲೆಂದೇ ಒಬ್ಬ ಇರಬೇಕು ಎಂಬ ಪದ್ಧತಿ ನಮ್ಮ ಭಾಷೆಯಲ್ಲೂ ಉಳಿದುಕೊಂಡಿದೆ ನೋಡಿ. ಲಾರಿಯಲ್ಲಿ ಡ್ರೈವರ್ ಪಕ್ಕ ಕೂರುವ ಹುಡುಗ, ಚಕ್ರ ಬಿಚ್ಚಲಿ, ಹಗ್ಗ ಬಿಗಿಯಲಿ, ಚಹಾ ತರಲಿ, ನಮಗೆ ಅವನು 'ಕ್ಲೀನರ್' ಅಷ್ಟೇ.

1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಗನ್ನಿನಲ್ಲಿ ಸಿಂಪಡಿಸಿದರೆ ಬೇಗನೆ ಒಣಗುವ ಬಣ್ಣವೊಂದನ್ನು ಜನರಲ್ ಮೋಟಾರ್ಸ್ ಕಾರುಗಳಿಗೆ ಕೊಟ್ಟಿತು. ಅದರ ಹೆಸರು 'ಡೂಕೋ'. ಇವತ್ತಿಗೂ ನಮ್ಮ ಗ್ಯಾರೇಜುಗಳಲ್ಲಿ, ಬೀರು ಅಂಗಡಿಗಳಲ್ಲಿ ಗನ್ ಹೊಡೆದ ಬಣ್ಣಕ್ಕೆಲ್ಲ 'ಡೂಕೋ ಪೇಂಟ್' ಎಂದೇ ಹೆಸರು. 1928ರಲ್ಲಿ ಅದೇ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸುವ ಕೆಲಸ ಆರಂಭಿಸಿತು. ಬೇಗ ಒಣಗುವ ಬಣ್ಣ ಬೇಗ ಮಂಕೂ ಆಗುತ್ತಿತ್ತು. ಬಿಸಿಲು, ಸಮುದ್ರದ ಉಪ್ಪುಗಾಳಿ ತಾಗಿದರೆ ವರ್ಷದೊಳಗೆ ಹೊಳಪು ಮಾಯ. ಹಾಗಾಗಿ ತೊಳೆದರೆ ಸಾಲದು. ಕಾಂಪೌಂಡ್ ಹಚ್ಚಿ ಉಜ್ಜಬೇಕು, ಮೇಲೆ ಮೇಣ ಬಳಿಯಬೇಕು. ಆ ಮೇಣಗಳಲ್ಲಿ ಒಳ್ಳೆಯದು ಎನಿಸಿಕೊಂಡ ಕಾರ್ನೌಬಾ ಬರುವುದು ಬ್ರೆಜಿಲಿನ ಈಶಾನ್ಯದ ಒಣಸೀಮೆಯಲ್ಲಿ ಬೆಳೆಯುವ ಒಂದು ತಾಳೆಯ ಎಲೆಯಿಂದ. ಬಿಸಿಲಿಗೆ ಎಲೆಯೊಳಗಿನ ನೀರು ಆರಿಹೋಗದಂತೆ ಆ ಮರ ತನಗೆ ತಾನೇ ಹಚ್ಚಿಕೊಳ್ಳುವ ಮೇಣ ಅದು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ನೀತಿ ಬದಲಾಯಿತು. ಇಲ್ಲೇ ತಯಾರಿಸುವವರಿಗೆ ಮಾತ್ರ ಜಾಗ ಎಂದಾದಾಗ 1954ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯ ಬಾಗಿಲು ಹಾಕಿತು. ಉಳಿದದ್ದು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಹುಟ್ಟುಹಾಕಿದ್ದ ಪ್ರೀಮಿಯರ್ ಆಟೊಮೊಬೈಲ್ಸ್. ಅವರ ಕುರ್ಲಾ ಕಾರ್ಖಾನೆಯಿಂದ 1950ರ ದಶಕದಲ್ಲಿ ಫಿಯಟ್ 1100 ಹೊರಬಂತು. 1970ರ ದಶಕದಲ್ಲಿ ಅದೇ ವಂಶದ ಕಾರಿಗೆ 'ಪ್ರೀಮಿಯರ್ ಪದ್ಮಿನಿ' ಎಂದು ಹೆಸರಾಯಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಹಾಗೆ ಕಾದು ಪಡೆದ ಕಾರನ್ನು ಇಪ್ಪತ್ತು ವರ್ಷ ಬಾಳಿಸದೆ ವಿಧಿಯಿರಲಿಲ್ಲ. ಮುಂಬಯಿಯಲ್ಲಿ ಭಾನುವಾರ ಬೆಳಿಗ್ಗೆ ಗಂಡಸರು ಬನಿಯನ್ ತೊಟ್ಟು, ಹಳದಿ ಬಟ್ಟೆ ಹಿಡಿದು ಫಿಯಟ್ ಉಜ್ಜುತ್ತಿದ್ದರೆ, ಅದು ಬರೀ ಷೋಕಿಯಲ್ಲ. ಬಣ್ಣ ಹೋದರೆ ತುಕ್ಕು, ತುಕ್ಕು ಬಂದರೆ ನೆಲದ ತಗಡೇ ತೂತು. ಮಳೆಗಾಲದಲ್ಲಿ ಕಾಲ ಕೆಳಗೆ ರಸ್ತೆ ಕಾಣುವ ಫಿಯಟ್‌ಗಳಲ್ಲಿ ನಾನೇ ಕೂತು ಹೋಗಿದ್ದೇನೆ.

ನಾನು 1986ರಲ್ಲಿ ಮುಲುಂಡಿನಲ್ಲಿ ಒಂದು ಹಳೇ ಪದ್ಮಿನಿ ಕೊಂಡೆ. ಕಡು ನೀಲಿ ಬಣ್ಣ. ಮೊದಲ ಭಾನುವಾರವೇ ಮಲೆನಾಡಿನ ಶೂರನ ಹಾಗೆ ಸೊಸೈಟಿಯ ಬಾವಿ ಪಂಪಿಗೆ ಪೈಪ್ ಸಿಕ್ಕಿಸಿ, ನಡು ಮಧ್ಯಾಹ್ನ, ಬಟ್ಟೆ ಒಗೆಯುವ ಪುಡಿ ಕಲಸಿಕೊಂಡು ನೊರೆ ಎಬ್ಬಿಸಿ ತೊಳೆದೆ. ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಸೋಪಿನ ಪುಡಿಯ ರಾಜ್ಯ. 1959ರಲ್ಲಿ ಸರ್ಫ್ ಬಂದಿತ್ತು, 1969ರಲ್ಲಿ ನಿರ್ಮಾ ಶುರುವಾಗಿತ್ತು. ಅಂಗಿಯ ಕೊಳೆ ತೆಗೆಯುವುದು ಕಾರಿನದನ್ನೂ ತೆಗೆಯುತ್ತದಲ್ಲ ಎಂಬುದು ನನ್ನ ತರ್ಕ. ತೆಗೆಯಿತು, ನಿಜ, ಹಳೆಯ ಯಜಮಾನ ವರ್ಷಗಟ್ಟಲೆ ಬಳಿದಿದ್ದ ಮೇಣವನ್ನೂ ಜತೆಗೇ ತೆಗೆಯಿತು. ಕಾದ ತಗಡಿನ ಮೇಲೆ ಸವಳು ನೀರು ಕ್ಷಣದಲ್ಲಿ ಆರಿ, ಹನಿ ಹನಿಗೂ ಬಿಳಿ ಕಲೆ ಉಳಿಯಿತು. ಒರಟು ಟವೆಲ್‌ನಿಂದ ಉಜ್ಜಿದೆ. ಟವೆಲ್ ನೀಲಿಯಾಯಿತು. ಆಗಿನ ಬಣ್ಣದ ಮೇಲೆ ಈಗಿನಂತೆ ಪಾರದರ್ಶಕ ಪದರ ಇರುತ್ತಿರಲಿಲ್ಲ. ಉಜ್ಜಿದರೆ ಹೋಗುವುದು ಬಣ್ಣವೇ.

ಪಕ್ಕದ ಕಾರು ಒರೆಸುತ್ತಿದ್ದವನು ಕೈ ನಿಲ್ಲಿಸಿ ನೋಡುತ್ತಿದ್ದ. ನಮ್ಮ ಸೊಸೈಟಿಯ ಹನ್ನೆರಡು ಕಾರುಗಳು ಅವನ ಪಾಲಿಗಿದ್ದವು. ದಿನಾ ಬೆಳಿಗ್ಗೆ ಬರುವವನು, ಅವತ್ತು ಯಾರದೋ ಪಾಲಿಶ್ ಕೆಲಸಕ್ಕೆಂದು ತಡವಾಗಿ ನಿಂತಿದ್ದ. ನನ್ನ ಬಾಯಿಂದ "ಅಯ್ಯೋ ದೇವ್ರೇ" ಅಂತ ಹೊರಟದ್ದೇ ತಡ, "ಕನ್ನಡದವ್ರೇನ್ರಿ ಸಾಹೇಬ್ರ?" ಅಂದ. ಅಲ್ಲಿಯವರೆಗೆ ಹಿಂದಿಯಲ್ಲಿ ಅವನನ್ನು 'ತೂ' ಎಂದು ಕರೆಯುತ್ತಿದ್ದ ನಾನು, ಕನ್ನಡ ಕಿವಿಗೆ ಬಿದ್ದೊಡನೆ "ಹೌದು, ನೀವು ಯಾವ ಕಡೆಯವ್ರು?" ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮನುಷ್ಯ ಅವನೇ, ಮರ್ಯಾದೆ ಬಂದದ್ದು ಭಾಷೆ ಗೊತ್ತಾದ ಮೇಲೆ.

ಅವರು ಇಂಡಿ ತಾಲೂಕಿನವರು. ಆಗಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆ. 1972ರ ಬರಗಾಲದಲ್ಲಿ, ಮೀಸೆ ಇನ್ನೂ ಮೂಡದ ವಯಸ್ಸಿನಲ್ಲಿ, ಸೊಲ್ಲಾಪುರದ ದಾರಿ ಹಿಡಿದು ಮುಂಬಯಿಗೆ ಬಂದವರು. "ಅಣ್ಣಾರ, ನೀರು ಭಾಳ ಹಾಕಿದ್ರ ಗಾಡಿ ಹೊಳ್ಯಾಂಗಿಲ್ರಿ. ಮಣ್ಣು ಎತ್ತಬೇಕ್ರಿ, ತಿಕ್ಕಬಾರ್ದು" ಅಂದು, ಮರುದಿನ ಬೆಳಿಗ್ಗೆ ಐದೂವರೆಗೆ ಬರಲು ಹೇಳಿದರು.

ಮರುದಿನ ಕಂಡದ್ದು ಇಷ್ಟು. ಹದಿನೈದು ಲೀಟರಿನ ಎರಡು ಬಕೆಟ್. ಮೊದಲು ಒಂದೆರಡು ಚೊಂಬು ನೀರನ್ನು ಛಾವಣಿಯ ಮೇಲೆ ನಿಧಾನವಾಗಿ ಬಿಟ್ಟರು. ಧೂಳು ನೆನೆದು ತಾನೇ ಜಾರಿತು. ಆಮೇಲೆ ಒದ್ದೆ ಬಟ್ಟೆ, ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಗುಂಡಗೆ ತಿರುವುವುದಿಲ್ಲ. ಒಂದು ಸಲ ಎಳೆದ ಬಟ್ಟೆಯನ್ನು ಮೊದಲ ಬಕೆಟ್‌ನಲ್ಲಿ ಅದ್ದಿ ಮಣ್ಣು ಬಿಡಿಸಿ, ಎರಡನೇ ಬಕೆಟ್‌ನ ತಿಳಿನೀರಿನಲ್ಲಿ ಜಾಲಿಸಿ, ಮತ್ತೆ ಕಾರಿಗೆ. ಬಕೆಟ್‌ನ ತಳಕ್ಕೆ ಕೈ ಹಾಕುವಂತಿಲ್ಲ. ಚಕ್ರಕ್ಕೆ ಬೇರೆ ಬಟ್ಟೆ, ಅದೂ ಕೊನೆಗೆ. ಸೂರ್ಯ ಬರುವಷ್ಟರಲ್ಲಿ ಒಣಬಟ್ಟೆಯಿಂದ ನೀರು ಎತ್ತಿ ಮುಗಿದಿರಬೇಕು. ಬೇರೆ ಕೆಲವರು ಕೊನೆಯ ನೀರಿಗೆ ಒಂದು ಮುಚ್ಚಳ ಸೀಮೆಎಣ್ಣೆ ಹಾಕುತ್ತಿದ್ದರು, ಗಾಡಿ ಫಳಫಳ ಅನ್ನುತ್ತಿತ್ತು. ಇವರು ಒಪ್ಪುತ್ತಿರಲಿಲ್ಲ. "ಒಂದ್ ದಿನದ ಬೆಳಕ್ರಿ ಅದು. ಎಣ್ಣಿಗೆ ಧೂಳು ಅಂಟತೈತಿ, ರಬ್ಬರ್ ಹಾಳಾಗತೈತಿ."

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ಯಾರೂ ಕಲಿಸಲಿಲ್ಲವಂತೆ. ಅವರ ಊರಲ್ಲಿ ಬೇಸಿಗೆಗೆ ಬಾವಿಯ ತಳದ ಕದಡು ನೀರನ್ನೇ ತಂದು, ಕೊಡದಲ್ಲಿ ಇಡೀ ರಾತ್ರಿ ಅಲುಗಾಡದಂತೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಅವರವ್ವ ಬಗ್ಗಿಸಿಕೊಳ್ಳುತ್ತಿದ್ದರು. "ತಿಳಿ ಮ್ಯಾಲ, ರಾಡಿ ತಳಕ್ಕ. ಅಷ್ಟು ಗೊತ್ತಿದ್ರ ಸಾಕ್ರಿ." ಆಗುಂಬೆಯ ಮಳೆಯ ಹತ್ತನೇ ಒಂದು ಪಾಲೂ ಬೀಳದ ನೆಲದ ವಿದ್ಯೆ ಅದು. ಇವತ್ತು ಪೇಟೆಯಲ್ಲಿ 'ಡೀಟೇಲಿಂಗ್' ಅಂಗಡಿಗಳಲ್ಲಿ 'ಟೂ ಬಕೆಟ್ ಮೆಥಡ್' ಎಂದು ಹೆಸರಿಟ್ಟು, ತಳದ ಮಣ್ಣು ಮೇಲೇಳದಂತೆ ಪ್ಲಾಸ್ಟಿಕ್ ಜಾಲರಿ ಸೇರಿಸಿ ಮಾರುವುದು ಇದನ್ನೇ.

ಮುಂಬಯಿಯ ನೀರೂ ಏನು ಸುಲಭದ್ದಲ್ಲ. 1860ರಲ್ಲಿ ವಿಹಾರ್ ಕೆರೆ, ಅದು ಸಾಲದೆ ತುಳಸಿ, 1892ರಲ್ಲಿ ತಾನ್ಸಾ, 1957ರಲ್ಲಿ ವೈತರಣಾ ನದಿಯ ಮೋಡಕ್ ಸಾಗರ, ಆಮೇಲೆ ಭಾತ್ಸಾ. ಊರು ಬೆಳೆದಷ್ಟೂ ನೀರಿನ ಮೂಲ ದೂರ ದೂರಕ್ಕೆ ಸರಿಯುತ್ತ, ನೂರು ಕಿಲೋಮೀಟರ್ ಆಚೆಯ ಆದಿವಾಸಿ ಸೀಮೆಗಳನ್ನು ಮುಟ್ಟಿತು. ನಲ್ಲಿಯಲ್ಲಿ ಬರುವುದು ಗೊತ್ತಾದ ಹೊತ್ತಿಗೆ ಮಾತ್ರ. ಕಾರು ತೊಳೆಯುವವರು ನಸುಕಿಗೇ ಏಳುತ್ತಿದ್ದುದರಲ್ಲಿ ಬಿಸಿಲಿನ ಲೆಕ್ಕ ಎಷ್ಟಿತ್ತೋ ನಲ್ಲಿಯ ಲೆಕ್ಕವೂ ಅಷ್ಟೇ ಇತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. 1991ರ ನಂತರ ಬಗೆಬಗೆಯ ಕಾರುಗಳು ಬಂದವು, ಕಾಯುವ ಸಾಲು ಕರಗಿತು. ಬಣ್ಣದ ಮೇಲೆ ಪಾರದರ್ಶಕ ಪದರ ಬಂತು, ಹಳದಿ ಬಟ್ಟೆಯ ಜಾಗಕ್ಕೆ ಮೈಕ್ರೋಫೈಬರ್ ಬಂತು, ಕಾರು ಶಾಂಪೂ ಬಂತು. ನಮ್ಮ ಸೊಸೈಟಿಯಲ್ಲಿ ಪೈಪುಗಳೂ ಬಂದವು. ಭಾನುವಾರ ಬನಿಯನ್ ಬದಲು ಬರ್ಮುಡಾ ತೊಟ್ಟವರು ಅರ್ಧ ಗಂಟೆ ನೀರು ಹಾರಿಸುವುದು ಒಂದು ವಿನೋದವಾಯಿತು.

ಆಮೇಲೆ 2009 ಬಂತು. ಮಳೆ ತಡವಾಯಿತು, ಕೆರೆಗಳು ತಳ ಕಂಡವು, ಪಾಲಿಕೆ ನೀರು ಕಡಿತ ಮಾಡಿತು. ಸೊಸೈಟಿಯ ಮೀಟಿಂಗ್ ಸೇರಿತು. ನಾನು ಕಮಿಟಿಯಲ್ಲಿದ್ದೆ. ನೀರು ಎಲ್ಲಿ ಪೋಲಾಗುತ್ತಿದೆ ಎಂಬ ಚರ್ಚೆ ಎದ್ದಾಗ ಒಬ್ಬರು, "ಆ ಬಾಲ್ಟಿಯವನು ದಿನಾ ಎಷ್ಟು ಬಾಲ್ಟಿ ಹೊರುತ್ತಾನೆ ನೋಡಿದ್ದೀರಾ?" ಅಂದರು. ಎಲ್ಲರೂ ನೋಡಿದ್ದರು. ಬಕೆಟ್ ಕಣ್ಣಿಗೆ ಕಾಣುತ್ತದೆ, ಎಣಿಸಲೂ ಬರುತ್ತದೆ. ಪೈಪಿನ ನೀರಿಗೆ ಲೆಕ್ಕ ಇಡುವವರು ಯಾರು? ನನಗೆ ಲೆಕ್ಕ ಗೊತ್ತಿತ್ತು. ನಮ್ಮ ಪೈಪು ಒಂದು ನಿಮಿಷಕ್ಕೆ ಒಂದು ಬಕೆಟ್ ತುಂಬುತ್ತಿತ್ತು. ಅವರು ಹನ್ನೆರಡು ಕಾರಿಗೆ ಬಳಸುತ್ತಿದ್ದುದು ಇಪ್ಪತ್ತನಾಲ್ಕು ಬಕೆಟ್, ಅಂದರೆ 360 ಲೀಟರ್. ಪೈಪಿನಲ್ಲಿ ಅಷ್ಟು ನೀರು ಇಪ್ಪತ್ತನಾಲ್ಕೇ ನಿಮಿಷದಲ್ಲಿ ಒಬ್ಬರ ಒಂದು ಕಾರಿಗೆ ಸುರಿದುಹೋಗುತ್ತಿತ್ತು. ಎದ್ದು ನಿಂತು ಹೇಳಿದ್ದರೆ ಎರಡು ನಿಮಿಷದ ಮಾತು. ಪೈಪ್ ಹಿಡಿಯುವವರೆಲ್ಲ ಎದುರಿಗೇ ಕೂತಿದ್ದರು, ಅವರಲ್ಲಿ ಇಬ್ಬರು ನಮ್ಮ ಮನೆಗೆ ಚಹಾಕ್ಕೆ ಬರುವವರು. ನಾನು ಸುಮ್ಮನಿದ್ದೆ. 'ಹೊರಗಿನ ಕ್ಲೀನರುಗಳಿಗೆ ಸೊಸೈಟಿಯ ನೀರು ಬಂದ್' ಎಂದು ಠರಾವು ಪಾಸಾಯಿತು. ಕೆಳಗೆ ನನ್ನ ಸಹಿಯೂ ಇದೆ.

ಅವರು ಜಗಳಾಡಲಿಲ್ಲ. ಆ ತಿಂಗಳ ಪಗಾರ ಎಣಿಸಿಕೊಂಡು, "ಊರಾಗ ಮಳಿ ಆಗೈತಂತ್ರಿ ಅಣ್ಣಾರ, ಹೊಲ ನೋಡ್ಕೊತೀನಿ" ಅಂದರು. ಮಳೆಯಾಗಿತ್ತೋ, ನನ್ನ ಮುಜುಗರ ತಪ್ಪಿಸಲು ಹಾಗಂದರೋ. ಲೆಕ್ಕ ನನಗೆ ಗೊತ್ತಿತ್ತೆಂಬುದು ಅವರಿಗೂ ಗೊತ್ತಿತ್ತು, ಯಾಕೆಂದರೆ ಆ ಲೆಕ್ಕ ಹಾಕಿ ತೋರಿಸಿದವರೇ ಅವರು. ಹೋಗುವಾಗ ಎರಡೂ ಬಕೆಟ್ ನನ್ನ ಬಾಗಿಲಲ್ಲಿಟ್ಟು ಹೋದರು. ಅಂದಿನಿಂದ ಕಾರು ನಾನೇ ತೊಳೆಯುತ್ತೇನೆ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಆಮೇಲೆ ಆರು ತಿಂಗಳೂ ಕಳೆದಿರಲಿಲ್ಲ, ಬೆಂಗಳೂರಿನಿಂದ ಅಣ್ಣನ ದೊಡ್ಡ ಮಗನ ಫೋನು. ನಗುವವರಲ್ಲಿ ಅವನೇ ಮೊದಲಿಗ. 2024ರ ಮಾರ್ಚ್ ತಿಂಗಳು ಅದು. ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. "ಚಿಕ್ಕಪ್ಪ, ನಮ್ಮ ಅಪಾರ್ಟ್‌ಮೆಂಟಲ್ಲಿ ಶುದ್ಧೀಕರಿಸಿದ ನೀರು ಕೊಡ್ತಾರಂತೆ, ಕಾರಿಗೆ ಎರಡೇ ಬಕೆಟ್. ಅಷ್ಟರಲ್ಲಿ ಕಾರು ತೊಳೆಯೋಕಾಗುತ್ತಾ?"

"ಆಗುತ್ತೆ ಮಾರಾಯ" ಅಂದೆ. "ಬೆಳಿಗ್ಗೆ ಐದೂವರೆಗೆ ಏಳ್ತೀಯಾ?" ಛಾವಣಿಯಿಂದ ಶುರುಮಾಡಿ ಚಕ್ರದವರೆಗೆ ಒಂದೊಂದೇ ಹೇಳಿದೆ. ಅವನು ಬರೆದುಕೊಂಡ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೊನೆಗೆ ಕೇಳಿದ. ಬಿಜಾಪುರದವರ ಸಂಗತಿ ಹೇಳಿದೆ, ಮೀಟಿಂಗಿನ ಸಂಗತಿಯನ್ನೂ ಬಿಡದೆ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರ ಅಡ್ರೆಸ್ಸು ಇದೆಯಾ ಚಿಕ್ಕಪ್ಪ?" ಅಂದ.

ಇರಲಿಲ್ಲ. ಇಪ್ಪತ್ತಮೂರು ವರ್ಷ ದಿನಾ ಕಂಡವರ ಊರು ಇಂಡಿ ತಾಲೂಕಿನಲ್ಲಿದೆ ಎಂಬುದರ ಆಚೆಗೆ ನಾನು ಏನನ್ನೂ ಕೇಳಿಟ್ಟುಕೊಂಡಿರಲಿಲ್ಲ.